ಬೆಣ್ಣೆಹಣ್ಣಿನ ಸಿಪ್ಪೆ ತಿಪ್ಪೆಗೆ ಬೇಡ

ಪ್ರಶ್ನೆ: ನಮ್ಮದು ಕಾಫಿ ತೋಟ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಸಾಕಿದ್ದೆವು. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ ಎಲ್ಲ ತಿಪ್ಪೆಗೇ ಎಸೆಯುತ್ತಿದ್ದೆವು. ಹೋದ ವಾರ ಎರಡು ಹೇಂಟೆಗಳು ಗರಿ ಉಬ್ಬಿಸಿಕೊಂಡು, ಬಾಯಿ ತೆರೆದು ಉಸಿರಾಡುತ್ತಾ ಕೂತವು. ಮರುದಿನ ಸತ್ತವು. ಕೋಳಿಗೆ ಹಣ್ಣು ಹಾಕಲೇಬಾರದೇ ಡಾಕ್ಟರೇ?
– ಓದುಗರು, ಸೋಮವಾರಪೇಟೆ

ಉತ್ತರ: ಹಾಕಬಹುದಮ್ಮಾ, ಬೆಣ್ಣೆಹಣ್ಣೊಂದನ್ನು ಬಿಟ್ಟು. ಅದರ ಎಲೆ, ಸಿಪ್ಪೆ, ಬೀಜದಲ್ಲಿ ಪರ್ಸಿನ್ ಎಂಬ ವಿಷವಿದೆ. ಹಕ್ಕಿಗಳ ಹೃದಯದ ಸ್ನಾಯುವನ್ನೇ ಅದು ಕೆಡಿಸುತ್ತದೆ. ಗಿಳಿಗಳಷ್ಟು ಬೇಗ ಕೋಳಿಗೆ ಅದು ತಾಗುವುದಿಲ್ಲ, ನಿಜ. ಆದರೆ ತಾಗಿದ ಮೇಲೆ ಪ್ರತಿಮದ್ದಿಲ್ಲ. ಇನ್ನು ಮುಂದೆ ಸಿಪ್ಪೆಯನ್ನು ಗುಂಡಿ ತೋಡಿ ಮುಚ್ಚಿ. ಕಾಫಿ ಹಣ್ಣಿನ ಸಿಪ್ಪೆಯಲ್ಲೂ ಕೆಫೀನ್ ಇರುವುದರಿಂದ ಆ ರಾಶಿಯನ್ನೂ ಕೆದಕಲು ಬಿಡಬೇಡಿ.

ಹಾಗೆಂದು ತಪ್ಪೆಲ್ಲ ಹಣ್ಣಿನದೇ ಎಂದು ಸುಮ್ಮನಾಗಬೇಡಿ. ಉಸಿರು ಕಟ್ಟುವುದು, ಒಂದೆರಡು ದಿನದಲ್ಲೇ ಸಾಯುವುದು ಕೊಕ್ಕರೆ ರೋಗದಲ್ಲೂ ಉಂಟು. ಇನ್ನೊಂದು ಕೋಳಿ ಮಂಕಾದರೆ ಬೇರೆ ಕಟ್ಟಿ, ಸತ್ತರೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಉಳಿದ ಎಂಟರ ಜೀವ ಇದರ ಮೇಲಿದೆ.

ಪಪ್ಪಾಯಿ, ಸೀಬೆ, ಬಾಳೆಹಣ್ಣು, ಕುಂಬಳಕಾಯಿಯ ತಿರುಳು, ಕಲ್ಲಂಗಡಿ ಸಿಪ್ಪೆ, ನುಗ್ಗೆಸೊಪ್ಪು ಎಲ್ಲ ಕೊಡಿ. ಹಸಿರು ತಿರುಗಿದ ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ಬೇಯಿಸದ ಹುರುಳಿಕಾಯಿ ಬೀಜ ಬೇಡ. ಬೂಸ್ಟು ಹಿಡಿದದ್ದಂತೂ ಮುಟ್ಟಿಸಲೇಬೇಡಿ. ಬೂಸ್ಟು ಕಿತ್ತು ಉಳಿದದ್ದನ್ನು ಹಾಕಿದರೂ ವಿಷ ಒಳಗೆ ಇಳಿದಿರುತ್ತದೆ.

ಪ್ರಶ್ನೆ: ಹಲಸಿನ ಕಾಲದಲ್ಲಿ ನಮ್ಮ ಕೋಳಿಗಳು ಬಿದ್ದ ಹಣ್ಣನ್ನೇ ತಿಂದು ದಿನ ಕಳೆಯುತ್ತವೆ. ಆಗ ಚಿಪ್ಪು ಮೆತ್ತಗಿನ ಮೊಟ್ಟೆ ಇಡುತ್ತವೆ. ಏಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಹೊಟ್ಟೆ ತುಂಬಿದೆ, ಸುಣ್ಣ ಸಿಕ್ಕಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಹಲಸಿನ ತೊಳೆಯಲ್ಲಿ ಸಿಗುವುದು ಸಿಹಿ ಮತ್ತು ನೀರು. ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಅದರಲ್ಲಿ ಹಣ್ಣು, ತರಕಾರಿ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಬೆಳಿಗ್ಗೆ ಹಣ್ಣು ಹೆಕ್ಕಿ ತೆಗೆದು, ಮೊದಲು ಕಾಳು-ಮೇವು ಹಾಕಿ. ತೊಳೆಯೇನಿದ್ದರೂ ಸಂಜೆ, ಒಂದೊಂದು ತುಂಡು. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಮೇವಿಗೆ ಬೆರೆಸದೆ ಬೇರೆ ಬೋಗುಣಿಯಲ್ಲಿಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಹಲಸಿನ ಬೀಜ ಬೇಯಿಸಿ, ಜಜ್ಜಿ ಹಾಕಿದರೆ ಸಾಕು.