ಬಿಬಿಎ ಸೀಟಿಗೆ ಅರ್ಜಿ: ಫಲಿತಾಂಶದವರೆಗೆ ಕಾಯಬೇಡಿ



ಯಾದಗಿರಿಯಿರಲಿ, ಶಹಾಪುರ ಸುರಪುರಗಳಿರಲಿ, ಪಿಯುಸಿ ಫಲಿತಾಂಶ ಬಂದ ವಾರ ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವವರು ಕೇಳುವ ಪ್ರಶ್ನೆ ಒಂದೇ: "ಮಗಳು ಕಾಮರ್ಸ್‌ನಾಗ ಛಲೋ ಮಾರ್ಕ್ಸ್ ತಗೊಂಡಾಳ, ಬೆಂಗಳೂರಾಗ ದೊಡ್ಡ ಕಾಲೇಜಿನಾಗ ಬಿಬಿಎ ಸೀಟು ಸಿಗತದೇನ್ರಿ?" ಪ್ರಶ್ನೆ ತಪ್ಪಲ್ಲ, ಆದರೆ ಕೇಳಿದ ಸಮಯ ತಡ. ಸ್ಪರ್ಧೆಯಿರುವ ಕಾಲೇಜುಗಳು ಅಂಕಪಟ್ಟಿ ಬರುವವರೆಗೆ ಕಾಯುತ್ತಾ ಕೂರುವುದಿಲ್ಲ. ಇಂಥ ಸೀಟಿನ ಕೆಲಸ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲೇ ಶುರುವಾಗಬೇಕು.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವನ್ನೇ ನೋಡಿ. 1969ರಲ್ಲಿ ಸಿಎಂಐ ಗುರುಗಳು ಕಾಲೇಜಾಗಿ ತೆರೆದ ಈ ಸಂಸ್ಥೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಲ್ಲಿ ಬಿಬಿಎಗೆ ಅಂಕ ಮಾತ್ರ ಸಾಲದು. ಪ್ರವೇಶ ಪರೀಕ್ಷೆ, ಸಂದರ್ಶನಗಳನ್ನೂ ದಾಟಬೇಕು. ಅದರ ಮೊದಲ ಸುತ್ತು ದ್ವಿತೀಯ ಪಿಯುಸಿ ಪರೀಕ್ಷೆಗೆ ಮುಂಚೆಯೇ ನಡೆಯುವುದುಂಟು. ಜೆಸ್ವಿತ್ ಗುರುಗಳ ಸಂತ ಜೋಸೆಫರ ವಾಣಿಜ್ಯ ಕಾಲೇಜು (1972) ಕೂಡ ಹೆಚ್ಚು ಬೇಡಿಕೆಯಿರುವ ಕಾಲೇಜೇ.

ಇನ್ನೂ ದೂರ ನೋಡುವವರಿಗೆ ಐಐಎಂ ಇದೆ. ಡಿಗ್ರಿ ಮುಗಿಸಿದವರು ಮಾತ್ರ ಐಐಎಂ ಸೇರಬಹುದೆಂದು ನಮ್ಮಲ್ಲಿ ಹಲವರು ಇಂದಿಗೂ ತಿಳಿದಿದ್ದಾರೆ. ಇಂದೋರಿನ ಐಐಎಂ 2011ರಲ್ಲೇ ಪಿಯುಸಿ ಆದವರಿಗಾಗಿ ಐದು ವರ್ಷಗಳ ಐಪಿಎಂ ಕೋರ್ಸು ತೆರೆಯಿತು. 2019ರಲ್ಲಿ ರೋಹ್ತಕ್, 2021ರಲ್ಲಿ ಜಮ್ಮು ಮತ್ತು ಬೋಧಗಯಾ ಅದೇ ದಾರಿ ಹಿಡಿದವು. ಇಂದೋರಿನ ಪರೀಕ್ಷೆಯಲ್ಲಿ ಗಣಿತದ್ದು ಎರಡು ಭಾಗ, ಇಂಗ್ಲಿಷಿನದು ಒಂದು. ಕನ್ನಡದಲ್ಲಿ ಬರೆಯುವಂತಿಲ್ಲ. ಕನ್ನಡದಲ್ಲೇ ಬರೆಯಬೇಕೆನ್ನುವ ಮಗುವಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಇದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಡಿಗ್ರಿ ಪ್ರವೇಶಕ್ಕೆ ಇದೇ ಪರೀಕ್ಷೆಯನ್ನು ನೋಡುತ್ತದೆ. ಮನೆಗೆ ಹತ್ತಿರ, ಖರ್ಚೂ ಕಡಿಮೆ. ಅದನ್ನು ಕೊನೆಯ ಆಯ್ಕೆ ಎಂದು ಮೂಗು ಮುರಿಯಬೇಕಾಗಿಲ್ಲ.

ಪ್ರಥಮ ಪಿಯುಸಿಯಲ್ಲಿ ವಿಷಯ ಆರಿಸುವಾಗಲೇ ಎಚ್ಚರ ಬೇಕು. ಕಾಮರ್ಸ್ ಎಂದರೆ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ. ನಾಲ್ಕನೆಯದಾಗಿ ಇತಿಹಾಸ ತೆಗೆದುಕೊಂಡರೆ ಸುಲಭ ಎನ್ನುತ್ತಾರೆ. ಇತಿಹಾಸ ಒಳ್ಳೆಯ ವಿಷಯವೇ. ಆದರೆ ಪ್ರವೇಶ ಪರೀಕ್ಷೆಯ ಆಸೆ ಇದ್ದರೆ ಸಂಖ್ಯಾಶಾಸ್ತ್ರವನ್ನೋ ಬೇಸಿಕ್ ಮ್ಯಾಥ್ಸನ್ನೋ ಆರಿಸಿ. ಎರಡು ವರ್ಷ ಗಣಿತ ಬಿಟ್ಟ ಮಗುವಿಗೆ ಆ ಪ್ರಶ್ನೆಪತ್ರಿಕೆ ಗೋಡೆಯಂತೆ ಕಾಣುತ್ತದೆ.

ನಮ್ಮ ಮಕ್ಕಳು ಪರೀಕ್ಷೆಗಿಂತ ಹೆಚ್ಚಾಗಿ ಹೆದರುವುದು ಸಂದರ್ಶನಕ್ಕೆ. "ಬಿಸಿನೆಸ್ ಯಾಕೆ ಓದಬೇಕಂತಿ?" ಎಂದು ಕೇಳಿದರೆ ಕೋಚಿಂಗಿನವರು ಬರೆದುಕೊಟ್ಟ ಉತ್ತರವನ್ನು ಒಪ್ಪಿಸುತ್ತಾರೆ: ನಾಯಕತ್ವ, ಸ್ಟಾರ್ಟ್‌ಅಪ್, ಜಾಗತೀಕರಣ. ಎದುರು ಕುಳಿತವರು ಅದೇ ಉತ್ತರವನ್ನು ಬೆಳಿಗ್ಗೆಯಿಂದ ಎಷ್ಟೋ ಸಲ ಕೇಳಿರುತ್ತಾರೆ. ನಿಮ್ಮ ಮಗು ವ್ಯಾಪಾರವನ್ನು ಕಂಡಿಲ್ಲವೇ? ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಕ್ಕೆ ಭತ್ತ ಬಂದದ್ದು, ಹತ್ತಿಯ ದರ ಬಿದ್ದ ವರ್ಷ ಬೀಜದಂಗಡಿಯ ಬಾಕಿ ಉಳಿದದ್ದು, ಸುಗ್ಗಿ ಮುಗಿದ ಮೇಲೆ ಪಕ್ಕದ ಮನೆಗೆ ಬೀಗ ಬಿದ್ದು ಅವರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋದದ್ದು, ಇವೆಲ್ಲ ವ್ಯವಹಾರದ ಪಾಠಗಳೇ.

ಒಂದು ಲೆಕ್ಕವನ್ನು ಮಗುವಿನ ಜೊತೆ ಕುಳಿತು ಮಾಡಿ. ಒಂದು ಕ್ವಿಂಟಾಲ್ ತೊಗರಿಯನ್ನು 7,000 ರೂಪಾಯಿಗೆ ಮಾರಿದಿರಿ ಎನ್ನಿ. ಅದರಿಂದ ಸುಮಾರು 70 ಕೆ.ಜಿ. ಬೇಳೆ ಬರುತ್ತದೆ. ಅಂದರೆ ಕಿಲೋ ಬೇಳೆಯೊಳಗಿನ ತೊಗರಿಗೆ ಬಿದ್ದದ್ದು 100 ರೂಪಾಯಿ. ಅಂಗಡಿಯಲ್ಲಿ ಅದೇ ಬೇಳೆ ಎಷ್ಟು? ನಡುವಿನ ಹಣದಲ್ಲಿ ಗಿರಣಿಗೆಷ್ಟು, ದಲಾಲಿಗೆಷ್ಟು, ಲಾರಿಗೆಷ್ಟು? ಹೊಟ್ಟು ನುಚ್ಚು ಮಾರಿದ ದುಡ್ಡು ಯಾರ ಕೈ ಸೇರಿತು? ತಾಯಿ ಸ್ವಸಹಾಯ ಸಂಘದಲ್ಲಿದ್ದರೆ ಆ ಸಂಘದ ಪುಸ್ತಕವನ್ನು ಮಗಳು ಒಂದು ವರ್ಷ ಬರೆಯಲಿ. ಈ ಪ್ರಶ್ನೆಗಳನ್ನು ತಾನೇ ಕೇಳಿ, ಗಿರಣಿಗೆ ಹೋಗಿ ವಿಚಾರಿಸಿ ಬಂದ ಹುಡುಗಿ ಹರಕು ಇಂಗ್ಲಿಷಿನಲ್ಲಿ ಹೇಳಿದರೂ ಆ ಮಾತಿಗೆ ತೂಕವಿರುತ್ತದೆ. ಇಂಗ್ಲಿಷ್ ಬೇಡವೆಂದಲ್ಲ, ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದನ್ನು ಎರಡು ವರ್ಷ ಬಿಡದೆ ನಡೆಸಲಿ.

ಇನ್ನು ಹಣ. ಇಂದೋರಿನ ಐದು ವರ್ಷಗಳ ಒಟ್ಟು ಶುಲ್ಕ 30 ಲಕ್ಷ ದಾಟುತ್ತದೆ. ಮೂರು ವರ್ಷ ಮುಗಿಸಿ ಪದವಿ ಪಡೆದು ಹೊರಬರುವ ಅವಕಾಶವೂ ಇದೆ ಎಂಬುದನ್ನು ಮರೆಯಬೇಡಿ. ಹೊಲ ಒತ್ತೆಯಿಡುವ ಮಾತು ಬೇಡ, ಕೈಸಾಲವಂತೂ ಬೇಡವೇ ಬೇಡ. ಊರಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಕಡಿಮೆ ಅನ್ನಿಸುತ್ತದೆ. ಅದು ವರ್ಷಕ್ಕೆ ಶೇ. 24. ಒಂದು ಲಕ್ಷಕ್ಕೆ ಐದು ವರ್ಷದಲ್ಲಿ ಬಡ್ಡಿಯೇ 1,20,000. ಬ್ಯಾಂಕಿನಲ್ಲಿ ಶೇ. 10 ಇದ್ದರೆ ಸರಳ ಬಡ್ಡಿಯ ಲೆಕ್ಕದಲ್ಲಿ 50,000. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಒತ್ತೆ, ಜಾಮೀನು ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿಯೂ ಇದೆ, ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಎಷ್ಟು ಸಾಲ ಹೊರಬಲ್ಲೆವು ಎಂಬುದನ್ನು ಅರ್ಜಿ ಹಾಕುವ ಮೊದಲೇ ಮಗುವನ್ನೂ ಕೂರಿಸಿಕೊಂಡು ನಿರ್ಧರಿಸಿ. ಸೀಟು ಬಂದ ಮೇಲೆ "ಆಗೋದಿಲ್ಲ" ಎನ್ನುವುದು ಅರ್ಜಿಯನ್ನೇ ಹಾಕದಿರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ಕಾಗದಪತ್ರಗಳಲ್ಲಿ ಒಂದು ಸೂಕ್ಷ್ಮ ವಿಷಯವಿದೆ, ಬಿಚ್ಚಿ ಹೇಳಲೇಬೇಕು. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಇದು ಅನ್ಯಾಯವೆಂದು ದಲಿತ ಕ್ರೈಸ್ತರು ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ, ಆದರೆ ಅರ್ಜಿ ತುಂಬುವಾಗ ನಡೆಯುವುದು ಕಾನೂನು. ಒಂದು ಕಾಲೇಜಿಗೆ ದೀಕ್ಷಾಸ್ನಾನದ ಪತ್ರ ಕೊಟ್ಟು ಕ್ರೈಸ್ತ ಕೋಟಾ ಕೇಳಿ, ಇನ್ನೊಂದಕ್ಕೆ ಎಸ್‌ಸಿ ಪತ್ರ ಕೊಟ್ಟರೆ ಸಿಕ್ಕ ಸೀಟೂ ಹೋದೀತು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ತಡೆಯಿಲ್ಲ. ರಾಜ್ಯದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ-1ರಲ್ಲೂ ಇತರ ಕ್ರೈಸ್ತರು 3ಬಿಯಲ್ಲೂ ಇದ್ದಾರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಅದರ ಪ್ರಮಾಣಪತ್ರದ ನಮೂನೆಯೂ ಬೇರೆ. ಐಐಎಂಗೆ ರಾಜ್ಯದ ನಮೂನೆ ನಡೆಯುವುದಿಲ್ಲ. ನಮ್ಮ ಭಾಗದ 371ಜೆ ಪತ್ರವೂ ಐಐಎಂನಲ್ಲಿ ಲೆಕ್ಕಕ್ಕಿಲ್ಲ. ರಾಜ್ಯದ ಸರ್ಕಾರಿ ಸೀಟುಗಳಿಗಾಗಿ ಅದನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದಿಟ್ಟಿರಿ.

ಕೊನೆಗೆ ಹೆಸರು. ಶಾಲೆಯಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯ ಸ್ಪೆಲ್ಲಿಂಗ್ ಇರುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಇಂದು ರಾತ್ರಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪತ್ರ, ದೀಕ್ಷಾಸ್ನಾನದ ಪತ್ರ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ವ್ಯತ್ಯಾಸವಿದ್ದರೆ ಮೊದಲು ಎಸ್ಸೆಸ್ಸೆಲ್ಸಿ ಪಟ್ಟಿ ಹಿಡಿದು ಧರ್ಮಕೇಂದ್ರದ ಗುರುಗಳನ್ನು ಕಾಣಿ, ಆಮೇಲೆ ತಹಸೀಲ್ದಾರರ ಕಚೇರಿಗೆ ಹೋಗಿ.