ಹಳೆ ಲೆನ್ಸಿನ ಲೆಕ್ಕಾಚಾರ

‘ಬಾಡಿ ಬರುತ್ತೆ, ಹೋಗುತ್ತೆ, ಲೆನ್ಸು ಉಳಿಯುತ್ತೆ. ದುಡ್ಡು ಹಾಕೋದಿದ್ರೆ ಲೆನ್ಸಿಗೆ ಹಾಕು.’ ಫೋಟೊಗ್ರಫಿಯ ಗೀಳು ಹತ್ತಿದ ಹೊಸದರಲ್ಲಿ ಹಿರಿಯ ಹವ್ಯಾಸಿಗಳಿಂದ ನನಗೆ ಸಿಕ್ಕ ಹಣಕಾಸು ಸಲಹೆ ಇದೊಂದೇ. ಆ ಕಾಲಕ್ಕೆ ಅದು ನಿಜವೇ ಆಗಿತ್ತು. ಕ್ಯಾಮೆರಾ ಮತ್ತು ಲೆನ್ಸನ್ನು ಜೋಡಿಸುವ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟ್ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಆರು ದಶಕ ಬಾಳಿತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ತಂದಿತು; ಆಮೇಲೆ ಅದೂ 30 ವರ್ಷ ಕದಲಲಿಲ್ಲ. ಹೀಗಾಗಿ ಒಳ್ಳೆಯ ಲೆನ್ಸು ಕೊಂಡವನು ಕ್ಯಾಮೆರಾ ಬಾಡಿಗಳನ್ನು ಬದಲಿಸುತ್ತ ಹೋದರೂ ಲೆನ್ಸನ್ನು ಬದಲಿಸಬೇಕಾಗಿರಲಿಲ್ಲ. ಮಾರಲು ಹೊರಟರೂ ಬೇಡಿಕೆ ಇತ್ತು, ಮರ್ಯಾದೆಯ ಬೆಲೆ ಸಿಗುತ್ತಿತ್ತು.

2018ರಲ್ಲಿ ಎರಡೂ ಕಂಪನಿಗಳು ಒಂದೇ ವರ್ಷ ಮೌಂಟ್ ಬದಲಿಸಿದವು. ನಿಕಾನ್‌ನದು ಝಡ್, ಕ್ಯಾನನ್‌ನದು ಆರ್‌ಎಫ್. ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ಮಾಯವಾದ ಮೇಲೆ ಲೆನ್ಸು ಸೆನ್ಸರಿಗೆ ತೀರಾ ಹತ್ತಿರ ಕೂರಬಹುದು. ಎಫ್ ಮೌಂಟ್‌ನಲ್ಲಿ 46.5 ಎಂಎಂ ಇದ್ದ ಈ ಅಂತರ ಝಡ್‌ನಲ್ಲಿ 16 ಎಂಎಂಗೆ ಇಳಿಯಿತು. 2020ರ ನಂತರ ಈ ಇಬ್ಬರಿಂದಲೂ ಹೊಸ ಮಾದರಿಯ ಡಿಎಸ್‌ಎಲ್‌ಆರ್ ಬಂದಿಲ್ಲ. ವೃತ್ತಿಯವರು, ಅವರ ಹಿಂದೆಯೇ ಕೈಯಲ್ಲಿ ಕಾಸಾಡುವ ಹವ್ಯಾಸಿಗಳು, ಹಳೆಯ ಸಾಮಾನನ್ನು ಮಾರಿ ಕನ್ನಡಿಯಿಲ್ಲದ ಈ ಮಿರರ್‌ಲೆಸ್‌ಗೆ ಹೊರಟರು. ಲೆನ್ಸು ಉಳಿಯುತ್ತದೆ ಎಂದು ನಂಬಿದ್ದವರ ಕಣ್ಣೆದುರೇ ಅದರ ಬೆಲೆ ಇಳಿಯತೊಡಗಿತು.

ನನ್ನ ಬಳಿ ಇರುವ ಲೆನ್ಸುಗಳ ಬೆಲೆಯೂ ಇಳಿದಿದೆ. ಮಾರುವ ಉದ್ದೇಶವಿಲ್ಲದವನಿಗೆ ಅದು ಕಾಗದದ ಮೇಲಿನ ನಷ್ಟ, ಅಷ್ಟೇ. ಕೊಳ್ಳುವವನಾಗಿ ನೋಡಿದರೆ, ಸಂಬಳದ ಮೇಲೆ ಬದುಕುವ ಹವ್ಯಾಸಿಗೆ ಇಂಥ ಕಾಲ ಹಿಂದೆಂದೂ ಬಂದಿರಲಿಲ್ಲ. ಬೆಲೆ ಅರ್ಧಕ್ಕಿಳಿದ ಲೆನ್ಸಿನ ಗಾಜು ಅರ್ಧ ಮಸುಕಾಗುವುದಿಲ್ಲ. ಅದು ನಿನ್ನೆ ಹಿಡಿಯುತ್ತಿದ್ದ ಚಿತ್ರವನ್ನೇ ಇವತ್ತೂ ಹಿಡಿಯುತ್ತದೆ.

ನನ್ನ ಈಗಿನ ಬಾಡಿ ನಿಕಾನ್ ಡಿ500. 2016ರ ಮಾದರಿ, ಅದರ ಮೊದಲ ಒಡೆಯರು ಮಿರರ್‌ಲೆಸ್‌ಗೆ ಹೋದಾಗ ಕೊಂಡದ್ದು. 20.9 ಮೆಗಾಪಿಕ್ಸೆಲ್ ಎಂದರೆ ಮೂಗು ಮುರಿಯುವವರಿದ್ದಾರೆ. ಚಿತ್ರದ ಉದ್ದ 5,568 ಪಿಕ್ಸೆಲ್. 12x18 ಇಂಚಿನ ಪ್ರಿಂಟ್ ಹಾಕಿಸಿದರೆ ಇಂಚಿಗೆ 309 ಪಿಕ್ಸೆಲ್ ಸಿಗುತ್ತದೆ. ಲ್ಯಾಬಿನವರು ಕೇಳುವುದು 300. ಮನೆಯ 4ಕೆ ಟಿವಿ ತೋರಿಸಬಲ್ಲದ್ದು 8.3 ಮೆಗಾಪಿಕ್ಸೆಲ್, ಉಳಿದದ್ದನ್ನು ಅದು ಎಸೆಯುತ್ತದೆ. ವಾಟ್ಸ್ಆ್ಯಪ್ ಎಷ್ಟನ್ನು ಎಸೆಯುತ್ತದೆ ಎಂದು ಕೇಳಲೇಬೇಡಿ. ಇನ್ನು 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು 50 ಎಂಬಿ ಆಸುಪಾಸು ತೂಗುತ್ತದೆ. ಒಂದು ಸಫಾರಿಯಲ್ಲಿ ಸಾವಿರ ಚಿತ್ರ ಒತ್ತಿದರೆ 50 ಜಿಬಿ. ಅದಕ್ಕೆ ವೇಗದ ಕಾರ್ಡು, ಎರಡೆರಡು ಹಾರ್ಡ್ ಡಿಸ್ಕು, ಕೊನೆಗೆ ಹೊಸ ಕಂಪ್ಯೂಟರು. ಇವು ಯಾವುವೂ ಕ್ಯಾಮೆರಾ ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ.

ನಿಕಾನ್ ಡಿ850 ಬಂದದ್ದು 2017ರಲ್ಲಿ, 45.7 ಮೆಗಾಪಿಕ್ಸೆಲ್‌ನೊಂದಿಗೆ. ಅದೇ ಕಂಪನಿಯ ಮಿರರ್‌ಲೆಸ್ ಝಡ್8 ಬಂದದ್ದು 2023ರಲ್ಲಿ; ಅದೂ 45.7. ಆರು ವರ್ಷದಲ್ಲಿ ಏನೂ ಆಗಲಿಲ್ಲವೇ ಎಂದರೆ ಆಯಿತು, ಬಹಳವೇ ಆಯಿತು. ಹಾರುವ ಹಕ್ಕಿಯ ಕಣ್ಣನ್ನು ಗುರುತಿಸಿ ಬೆನ್ನಟ್ಟುವ ಫೋಕಸ್ ಬಂತು, ಸದ್ದಿಲ್ಲದ ಶಟರ್ ಬಂತು. ಗೆಳೆಯರೊಬ್ಬರ ಹೊಸ ಕ್ಯಾಮೆರಾ ಹಿಡಿದು ರಂಗನತಿಟ್ಟಿನಲ್ಲಿ ರಿವರ್ ಟರ್ನ್ ಹಕ್ಕಿಗಳ ಹಿಂದೆ ಬಿದ್ದಾಗ ನನಗೂ ಬಾಯಲ್ಲಿ ನೀರೂರಿತು. ಸುಳ್ಳೇಕೆ ಹೇಳಲಿ. ಆದರೆ ಸಿಕ್ಕ ಚಿತ್ರವನ್ನು ನನ್ನ ಹಳೆಯ ಕ್ಯಾಮೆರಾದ ಒಳ್ಳೆಯ ಚಿತ್ರದ ಪಕ್ಕ ಪ್ರಿಂಟ್ ಹಾಕಿಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಹೊಸ ಕ್ಯಾಮೆರಾ ನೂರರಲ್ಲಿ ಬಹುಪಾಲು ಚಿತ್ರಗಳಿಗೆ ಗುರಿ ತಪ್ಪದೆ ಫೋಕಸ್ ಹಿಡಿಯುತ್ತದೆ, ನನ್ನದು ಅಷ್ಟು ಹಿಡಿಯುವುದಿಲ್ಲ. ಮದುವೆ ಫೋಟೊಗ್ರಾಫರ್‌ಗೆ ಆ ಖಾತರಿಯೇ ಅನ್ನ. ಧಾರೆಯ ಗಳಿಗೆ ಎರಡನೇ ಸಲ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಕೆರೆಯಂಚಿಗೆ ಹೋಗುವ ನನಗೆ ತಪ್ಪಿದ ಚಿತ್ರದಿಂದ ಒಂದು ರೂಪಾಯಿಯೂ ನಷ್ಟವಿಲ್ಲ. ಅಂಗಡಿಯಲ್ಲಿ ಮಾತ್ರ ನಮ್ಮಿಬ್ಬರಿಗೂ ಒಂದೇ ಬೆಲೆ.

ದುಡ್ಡಿಗೆ ತಕ್ಕ ಗುಣಮಟ್ಟ ಎಲ್ಲಿದೆ ಎಂದು ಕೇಳಿದರೆ ನಾನು ಬೆಳಕಿನ ಲೆಕ್ಕ ಹಾಕುತ್ತೇನೆ. ಕರಾವಳಿಯ ರಾತ್ರಿ ಯಕ್ಷಗಾನ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸು ಜೂಮ್ ಮಾಡಿದ ತುದಿಯಲ್ಲಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. 50 ಎಂಎಂ ಎಫ್ 1.8 ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ 6400 ಬೇಕಾದ ಕಡೆ ಇದಕ್ಕೆ 640ರ ಸುಮಾರು ಸಾಕು. ಬಣ್ಣದ ವೇಷದ ಕೆಂಪು ಕೆಂಪಾಗಿಯೇ, ಕಪ್ಪು ಕಪ್ಪಾಗಿಯೇ ಬರುತ್ತದೆ, ನಡುವೆ ಮರಳು ಎರಚಿದಂಥ ಕಾಳುಕಾಳು ಇರುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಲೆನ್ಸು ಹತ್ತು ಸಾವಿರದೊಳಗೆ ಸಿಗುತ್ತದೆ. ಸಣ್ಣ ಸೆನ್ಸರ್ ಬಿಟ್ಟು ಫುಲ್ ಫ್ರೇಮ್‌ಗೆ ಹಾರಿದರೆ? ಸೆನ್ಸರಿನ ವಿಸ್ತೀರ್ಣ 2.3 ಪಟ್ಟು, ಬೆಳಕಿನ ಲಾಭವೂ ಸರಿಸುಮಾರು ಅಷ್ಟೇ. ಖರ್ಚು ಲಕ್ಷದ ಮಾತು, ಅದರ ಮೇಲೆ ಆ ಸೆನ್ಸರಿಗೆ ಒಪ್ಪುವ ಲೆನ್ಸುಗಳು ಬೇರೆ. ಎಫ್ 1.8ರಲ್ಲಿ ಫೋಕಸ್ ಆಳ ತೀರಾ ಕಡಿಮೆ, ವೇಷಧಾರಿ ಒಂದು ಹೆಜ್ಜೆ ಮುಂದಿಟ್ಟರೆ ಮುಖ ಮಂಜಾಗುತ್ತದೆ ಎಂಬುದು ನಿಜ. ಎಫ್ 2.8ಕ್ಕೆ ಇಳಿಸಿದರೂ ಲಾಭ ನಾಲ್ಕು ಪಟ್ಟು.

ಕ್ಯಾಮೆರಾದ ಬೆಲೆಯನ್ನು ನಾನು ಕೊಳ್ಳುವ ದಿನ ಲೆಕ್ಕ ಹಾಕುವುದಿಲ್ಲ, ಮಾರುವ ದಿನ ಹಾಕುತ್ತೇನೆ. ಒಂದೂವರೆ ಲಕ್ಷಕ್ಕೆ ಹೊಸ ಬಾಡಿ ಕೊಂಡು ಐದು ವರ್ಷದ ಮೇಲೆ 60 ಸಾವಿರಕ್ಕೆ ಮಾರಿದಿರಿ ಎನ್ನೋಣ: ವರ್ಷಕ್ಕೆ 18 ಸಾವಿರ. 45 ಸಾವಿರದ ಹಳೆಯ ಬಾಡಿ ಐದು ವರ್ಷದ ಮೇಲೆ 20 ಸಾವಿರಕ್ಕೆ ಹೋದರೆ ವರ್ಷಕ್ಕೆ ಐದು ಸಾವಿರ. ಮೊದಲೇ ಉಳಿದ 1.05 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ 7,350 ರೂಪಾಯಿ ಬೇರೆ. ಎರಡೂ ಸೇರಿ ವರ್ಷಕ್ಕೆ 20 ಸಾವಿರದ ವ್ಯತ್ಯಾಸ. ದಾಂಡೇಲಿಗೆ ಮಂಗಟ್ಟೆ ನೋಡಲು ಹೋಗಿಬರುವ ಖರ್ಚು ಅದರಲ್ಲಿ ಕಳೆಯುತ್ತದೆ, ಮತ್ತೆ ಮಂಗಟ್ಟೆಯ ಚಿತ್ರ ಬೇಕೆಂದರೆ ಮಂಗಟ್ಟೆ ಇರುವಲ್ಲಿಗೆ ಹೋಗಲೇಬೇಕು. ‘ನೋ ಕಾಸ್ಟ್ ಇಎಂಐ’ ಎಂಬ ಆಮಿಷವೂ ಇದೆ. ಅಲ್ಲಿ ಬಡ್ಡಿ ಇಲ್ಲವೆಂದಲ್ಲ. ರಿಯಾಯಿತಿಯ ರೂಪದಲ್ಲಿ ಹೊಂದಿಸಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮದೇ. ನಗದು ಕೊಟ್ಟರೆ ಎಷ್ಟು ಎಂದು ಒಮ್ಮೆ ಕೇಳಿ ನೋಡಿ.

ಕೈಗೆಟುಕದ ದೊಡ್ಡ ಲೆನ್ಸು ಬಾಡಿಗೆಗೆ ಸಿಗುತ್ತದೆ. 600 ಎಂಎಂ ಎಫ್ 4 ಹೊಸದು ಹತ್ತು ಲಕ್ಷ ದಾಟುತ್ತದೆ. ಬೇಸಿಗೆಯ ಕಬಿನಿಗಾಗಿ ಎರಡು ದಿನ ಅದನ್ನು ಪಡೆಯಲು ಬೆಂಗಳೂರಿನ ಬಾಡಿಗೆ ಅಂಗಡಿಗಳು ಗುರುತಿನ ಚೀಟಿ, ಠೇವಣಿ ಕೇಳುತ್ತವೆ. ಸಫಾರಿಯಲ್ಲಿ ಲೆನ್ಸಿನ ಉದ್ದಕ್ಕೆ ತಕ್ಕಂತೆ ಶುಲ್ಕ ಇರುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇಂಥ ಲೆನ್ಸುಗಳ ಆಸೆ ಹೆಚ್ಚಾದಾಗ ಒಬ್ಬರು ಕಣ್ಣ ಮುಂದೆ ಬರುತ್ತಾರೆ. ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಫಿಲಂ ಕಾಲದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರು. ರಾಜಮನೆತನದವರು, ಲೆನ್ಸಿನ ಬಜೆಟ್ ಮಂಡಿಸುವ ಕಷ್ಟ ಅವರಿಗೆ ಇದ್ದಿರಲಾರದು. ಆದರೂ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡುವಾಗ, ಒಂದು ರೋಲಿಗೆ 36 ಚಿತ್ರ, ಕಣ್ಣು ಹುಡುಕುವ ಫೋಕಸ್ ಇಲ್ಲ, ಎಂಬುದು ನೆನಪಾಗಿ ನನ್ನ ಬೇಡಿಕೆಪಟ್ಟಿ ತಾನಾಗಿ ಗಿಡ್ಡವಾಗುತ್ತದೆ.

ಹಳೆಯದನ್ನು ಕೊಳ್ಳುವಾಗ ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದ್ದು ಫಂಗಸ್‌ಗೆ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸಾದರೆ ನಾನು ಟಾರ್ಚ್ ಇಲ್ಲದೆ ವ್ಯಾಪಾರಕ್ಕೆ ಕೂರುವುದಿಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದೇ ಫಂಗಸ್. ಬೆಲೆ ಎಷ್ಟೇ ಇಳಿಸಿದರೂ ಬೇಡ. ಧೂಳಿನ ಕಣಗಳಿಗೆ ಹೆದರಬೇಕಿಲ್ಲ. ಮುಂದಿನ ಗಾಜಿನ ಒಂದು ಸಣ್ಣ ಗೀರು ಚಿತ್ರದಲ್ಲಿ ಕಾಣುವುದೇ ಅಪರೂಪ, ಆದರೆ ಚೌಕಾಸಿಗೆ ಬಹಳ ಒಳ್ಳೆಯ ನೆಪ. ಹಿಂದಿನ ಗಾಜಿನ ಗೀರು ಮಾತ್ರ ಸಲ್ಲ. ಡಿಎಸ್‌ಎಲ್‌ಆರ್ ಆದರೆ ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬ ಲೆಕ್ಕ ಕೇಳಿ; ಡಿ500ರ ಶಟರನ್ನು ಕಂಪನಿ ಪರೀಕ್ಷಿಸಿರುವುದು ಎರಡು ಲಕ್ಷ ಬಾರಿಗೆ. ಮೂಲ ಬಿಲ್ಲು, ಬಿಲ್ಲಿನಲ್ಲಿ ಕ್ರಮಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಕದ್ದ ಮಾಲಾದರೂ ನಿಮಗೆ ತಿಳಿಯುವುದಿಲ್ಲ. ಮುಂದೆ ಎಂದಾದರೂ ಮಿರರ್‌ಲೆಸ್‌ಗೆ ಹೋಗುವ ಆಸೆ ಇದ್ದರೆ ಇನ್ನೊಂದು ಸೂಕ್ಷ್ಮ: ಮೋಟಾರು ಒಳಗೇ ಇರುವ ನಿಕಾನ್‌ನ ಎಎಫ್-ಎಸ್ ಲೆನ್ಸುಗಳು ಎಫ್‌ಟಿಝಡ್ ಅಡಾಪ್ಟರ್ ಮೇಲೆ ಫೋಕಸ್ ಮಾಡುತ್ತವೆ, ಹಳೆಯ ಎಎಫ್-ಡಿ ಲೆನ್ಸುಗಳಿಗೆ ಕೈಯಲ್ಲೇ ತಿರುಗಿಸಬೇಕು.

ಕೊಂಡ ಮೇಲಿನ ಜೋಪಾನಕ್ಕೆ ಡ್ರೈ ಕ್ಯಾಬಿನೆಟ್ ಬೇಕೆಂದೇನೂ ಇಲ್ಲ. ಗಾಳಿಯಾಡದ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ಕೆಲವು ನೂರು ರೂಪಾಯಿಯ ಆರ್ದ್ರತಾ ಮಾಪಕ ಸಾಕು. ಮುಳ್ಳು 40-50ರ ನಡುವೆ ಇರಲಿ. ಜೆಲ್ ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ನಮ್ಮ ಮನೆಯಲ್ಲಿ ಇದಕ್ಕೆ ಚಕ್ಕುಲಿ ಡಬ್ಬಿಯೇ ಹೋಗಿದೆ. ಅದರ ಬಗ್ಗೆ ಮನೆಯಲ್ಲಿರುವ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ಸದ್ಯ ನನ್ನ ಕಣ್ಣು 300 ಎಂಎಂ ಎಫ್ 4 ಪಿಎಫ್ ಲೆನ್ಸಿನ ಮೇಲಿದೆ. 2015ರದು, ತೂಕ ಬರೀ 755 ಗ್ರಾಂ, ಕುತ್ತಿಗೆಗೆ ನೇತುಹಾಕಿಕೊಂಡು ಅರ್ಧ ದಿನ ನಡೆಯಬಹುದು. ಬೆಳಕಿನ ಮೂಲ ಎದುರಿಗಿದ್ದರೆ ಅದರ ಸುತ್ತ ಉಂಗುರಗಳು ಮೂಡುತ್ತವೆ ಎಂಬ ದೂರಿದೆ. ಸೂರ್ಯನಿಗೆ ಬೆನ್ನು ಹಾಕಿ ಹಕ್ಕಿ ತೆಗೆಯುವವನಿಗೆ ಅದು ದೊಡ್ಡದಲ್ಲ. ಹಾಸನದ ಹವ್ಯಾಸಿಯೊಬ್ಬರು ಮಾರಲು ಇಟ್ಟಿದ್ದಾರೆ. ಬಿಲ್ಲು ಇದೆ ಎಂದಿದ್ದಾರೆ, ಟಾರ್ಚ್ ಬಿಟ್ಟು ತೆಗೆದ ವಿಡಿಯೊ ಕೇಳಿದ್ದೇನೆ. ಬೆಲೆಯಲ್ಲಿ ಇನ್ನೂ ಐದು ಸಾವಿರ ಇಳಿಯಬೇಕು.