ಹೂವಿನ ಪಾತಿಗಳಿಗೆ ಅಲ್ಪವೆಚ್ಚದಲ್ಲಿ ಅಂಚು ಕಟ್ಟುವ ಕ್ರಮ

ಹಿತ್ತಲಿನಲ್ಲಿ ಒಂದೆರಡು ಪಾತಿ ಕನಕಾಂಬರವನ್ನಾಗಲಿ ಸೇವಂತಿಗೆಯನ್ನಾಗಲಿ ಬೆಳೆಸುವ ವಾಡಿಕೆಯು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದಲೂ ಇರುತ್ತದೆ. ದೇವರ ಪೂಜೆಗೂ ಹೆಣ್ಣುಮಕ್ಕಳ ಮುಡಿಗೂ ಒದಗಿ ಮಿಕ್ಕ ಹೂವು ಸಂತೆಯನ್ನು ಸೇರಿ ಕೈಖರ್ಚಿಗೂ ಸಹಾಯವಾಗುತ್ತದೆ. ಆದರೆ ಪಾತಿಗಳಿಗೆ ಅಂಚು ಕಟ್ಟುವ ವಿಷಯದಲ್ಲಿ ಎರಡು ಬಗೆಯ ಲೋಪಗಳು ಕಂಡುಬರುತ್ತವೆ. ಕೆಲವರು ಅಂಚನ್ನೇ ಕಟ್ಟುವುದಿಲ್ಲ. ಮತ್ತೆ ಕೆಲವರು ಪಟ್ಟಣದ ತೋಟಗಳನ್ನು ನೋಡಿ ಬಂದು ಇಟ್ಟಿಗೆ ಸಿಮೆಂಟುಗಳಿಗೆ ಹಣ ಸುರಿಯುತ್ತಾರೆ. ಮೊದಲನೆಯವರಿಗೆ ಮಣ್ಣಿನ ನಷ್ಟ. ಎರಡನೆಯವರಿಗೆ ಹಣದ ನಷ್ಟ. ಮನೆಯಲ್ಲಿಯೂ ಹೊಲದಲ್ಲಿಯೂ ವ್ಯರ್ಥವಾಗಿ ಬಿದ್ದಿರುವ ಪದಾರ್ಥಗಳಿಂದಲೇ ಈ ಕೆಲಸವನ್ನು ನೆರವೇರಿಸಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಅಂಚಿನ ಪ್ರಯೋಜನ

ಅಂಚು ಅಲಂಕಾರಕ್ಕಾಗಿ ಮಾತ್ರವೇ ಇರತಕ್ಕದ್ದಲ್ಲ. 10 ಅಡಿ ಉದ್ದ, 4 ಅಡಿ ಅಗಲವುಳ್ಳ ಒಂದು ಪಾತಿಯನ್ನು ತೆಗೆದುಕೊಳ್ಳೋಣ. ಇದರ ಮೇಲಿಂದ ಒಂದು ಅಂಗುಲದಷ್ಟು ಮಣ್ಣು ಮಳೆಗೆ ಕೊಚ್ಚಿಹೋದರೆ ಸುಮಾರು 120 ಕಿಲೋಗ್ರಾಂ ಮಣ್ಣನ್ನು ಕಳೆದುಕೊಂಡಂತಾಯಿತು. ಕೊಟ್ಟಿಗೆಗೊಬ್ಬರದ ಸಾರವು ಹೆಚ್ಚಾಗಿರುವುದು ಈ ಮೇಲ್ಪದರದಲ್ಲಿಯೇ. ಅದೇ ಪಾತಿಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 94 ಲೀಟರು, ಅಂದರೆ 15 ಲೀಟರು ಹಿಡಿಯುವ ಕೊಡದಲ್ಲಿ ಆರು ಕೊಡಕ್ಕೂ ಮೇಲ್ಪಟ್ಟು ನೀರು ಬೇಕು. ಬೇಸಗೆಯಲ್ಲಿ ಬಾವಿಯಿಂದ ಸೇದಿ ತಂದ ಈ ನೀರು ಗಿಡದ ಬುಡವನ್ನು ಬಿಟ್ಟು ಕಾಲುದಾರಿಗೆ ಹರಿದುಹೋದರೆ ಹೆಂಗಸರ ಶ್ರಮವೆಲ್ಲ ವ್ಯರ್ಥವಲ್ಲವೆ?

ನೆಲಕ್ಕೆ ತಕ್ಕ ಅಂಚು

ಬಯಲುಸೀಮೆಯಲ್ಲಿ ನೀರನ್ನು ಹಿಡಿದಿಡುವುದೇ ಅಂಚಿನ ಮುಖ್ಯ ಕೆಲಸ. ಆದುದರಿಂದ ಅಲ್ಲಿ ಪಾತಿಯ ನೆಲವು ಕಾಲುದಾರಿಗಿಂತ 2-3 ಅಂಗುಲ ತಗ್ಗಾಗಿರಬೇಕು. ಅಂಚು ಸಂದಿಲ್ಲದೆ ಸುತ್ತಲೂ ಕೂಡಿಕೊಂಡಿರಬೇಕು. ಮಲೆನಾಡಿನ ರೀತಿಯೇ ಬೇರೆ. ಅಲ್ಲಿ ಮಳೆ ಹೆಚ್ಚಾದುದರಿಂದ ಪಾತಿಯನ್ನು 6-9 ಅಂಗುಲ ಏರಿಸಿ, ಮಣ್ಣು ಜಾರದಂತೆ ಅಂಚು ಕಟ್ಟಿ, ತಗ್ಗಿನ ಕಡೆ ಎರಡು ಮೂರು ಕಿಂಡಿಗಳನ್ನು ಬಿಡತಕ್ಕದ್ದು. ನೀರು ನಿಂತರೆ ಕನಕಾಂಬರವೂ ಸೇವಂತಿಗೆಯೂ ಬೇರು ಕೊಳೆತು ಸಾಯುತ್ತವೆ.

ದೊರೆಯುವ ಸಾಮಗ್ರಿಗಳು

1. ಕಾಡುಕಲ್ಲು: ಹೊಲ ಉಳುವಾಗ ಮೇಲೆದ್ದ 6-9 ಅಂಗುಲದ ಕಲ್ಲುಗಳನ್ನು ಆಯ್ದು ತಂದು, ಮೂರನೆಯ ಒಂದು ಭಾಗ ನೆಲದಲ್ಲಿ ಹೂತಿರುವಂತೆ ನಿಲ್ಲಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಬೇಕು. ಈ ಅಂಚು ಬಹುಕಾಲ ಬಾಳುತ್ತದೆ.

2. ಒಡೆದ ಹೆಂಚು: 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದ ತರುವಾಯ ಆ ಹೆಂಚು ದೂರದ ಊರುಗಳಿಗೂ ಹರಡಿತು. ಮಾಡು ಕೈಯಾಡಿಸಿದಾಗಲೆಲ್ಲ ಒಡೆದ ಹೆಂಚಿನ ರಾಶಿ ಹಿತ್ತಲಲ್ಲಿ ಬೀಳುತ್ತದೆ. ಮುರಿದ ಬದಿಯನ್ನು ಕೆಳಗೂ ನೇರವಾದ ಬದಿಯನ್ನು ಮೇಲಕ್ಕೂ ಮಾಡಿ, 4-5 ಅಂಗುಲ ಹೂತು, ಒಂದರ ಅಂಚು ಮತ್ತೊಂದರ ಮೇಲೆ ಒಂದಂಗುಲ ಬರುವಂತೆ ನಿಲ್ಲಿಸಿದರೆ ನೀರು ಸೋರುವುದು ಕಡಿಮೆಯಾಗುತ್ತದೆ.

3. ಅಡಿಕೆ ದಬ್ಬೆ ಮತ್ತು ಬಿದಿರು: ತೋಟದ ಸೀಮೆಯವರಿಗೆ ಇದು ಸುಲಭ. ಗೂಟಗಳನ್ನು ಎರಡಡಿಗೊಂದರಂತೆ ಬಡಿದು, ದಬ್ಬೆಯನ್ನು ಅಡ್ಡಲಾಗಿ ಕಟ್ಟಬೇಕು. ಗೆದ್ದಲಿನ ಬಾಧೆಯಿರುವುದರಿಂದ ಒಂದೆರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕಾದೀತು.

4. ತೆಂಗಿನ ಸಿಪ್ಪೆ: ಸಿಪ್ಪೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅರ್ಧ ಹೂಳಬೇಕು. ಇವು ತೇವವನ್ನು ಹೀರಿಟ್ಟುಕೊಂಡು, ಕೊನೆಗೆ ಕಳಿತು ಮಣ್ಣಿಗೇ ಸೇರುತ್ತವೆ.

5. ಗಿಡದ ಅಂಚು: ಮರುಗವನ್ನಾಗಲಿ ದೊಡ್ಡಪತ್ರೆಯನ್ನಾಗಲಿ 9 ಅಂಗುಲಕ್ಕೊಂದರಂತೆ ಅಂಚಿನುದ್ದಕ್ಕೂ ನೆಡಬಹುದು. ಎರಡೂ ಕಡ್ಡಿಯಿಂದಲೇ ಚಿಗುರುವುದರಿಂದ ನೆರೆಮನೆಯಿಂದ ತಂದರೆ ಸಾಕು. ಮರುಗವು ಹೂಮಾಲೆಗೆ ಸೇರುತ್ತದೆ. ದೊಡ್ಡಪತ್ರೆಯು ತಂಬುಳಿಗೂ ಮಕ್ಕಳ ನೆಗಡಿಯ ಮನೆಮದ್ದಿಗೂ ಒದಗುತ್ತದೆ.

ಇಳಿಜಾರಾದ ಹಿತ್ತಲಿನಲ್ಲಿ ಪಾತಿಯ ಕೆಳಬದಿಗೆ, ಒಂದಡಿ ದೂರ ಬಿಟ್ಟು, ಲಾವಂಚದ ಒಂದು ಸಾಲನ್ನು ಹಾಕುವುದು ಮೇಲು. 6 ಅಂಗುಲಕ್ಕೊಂದರಂತೆ ನೆಟ್ಟರೆ 10 ಅಡಿಗೆ ಸುಮಾರು 20 ಬೇರುಸಹಿತವಾದ ತೆಂಡೆಗಳು ಸಾಕಾಗುತ್ತವೆ. ಇದರ ಬೇರು ನೇರವಾಗಿ ಆಳಕ್ಕಿಳಿಯುವುದೇ ಹೊರತು ಗರಿಕೆಯಂತೆ ಪಾತಿಯೊಳಕ್ಕೆ ಹಬ್ಬುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗಳಲ್ಲಿ ಲಾವಂಚವನ್ನು ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ರಕ್ಷಣೆಗೆ ಈ ಹುಲ್ಲನ್ನು ದೇಶದೇಶಗಳಲ್ಲಿ ಪ್ರಚಾರಪಡಿಸಿದರು. ಹುಲ್ಲು ಆಳೆತ್ತರ ಬೆಳೆಯುವುದರಿಂದ, ಹೂವಿಗೆ ನೆರಳಾಗದಂತೆ ಆಗಾಗ್ಗೆ ಒಂದಡಿಗೆ ಕೊಯ್ಯತಕ್ಕದ್ದು. ಕೊಯ್ದ ಹುಲ್ಲನ್ನು ಗಿಡಗಳ ಬುಡಕ್ಕೆ ಮುಚ್ಚಬಹುದು.

ಕಟ್ಟುವ ವಿಧಾನ

ಮುಂಗಾರಿಗೆ ಮುಂಚೆ, ಒಂದು ಹದಮಳೆಯಾಗಿ ನೆಲ ಮೆತ್ತಗಾದಾಗ ಈ ಕೆಲಸಕ್ಕೆ ತೊಡಗಬೇಕು. ನಾಲ್ಕು ಮೂಲೆಗೂ ಗೂಟ ಬಡಿದು ಹುರಿ ಎಳೆದು, ಹುರಿಯ ಗುಂಟ 4-5 ಅಂಗುಲ ಆಳದ ಚರಂಡಿ ತೋಡಿ, ಸಾಮಗ್ರಿಯನ್ನು ನಿಲ್ಲಿಸಿ, ಎರಡು ಬದಿಗೂ ಮಣ್ಣು ತುಂಬಿ ದಿಮ್ಮಿಸಿನಿಂದ ಬಲವಾಗಿ ಬಡಿಯಬೇಕು. ಬಳಿಕ ಎರಡು ಕೊಡ ನೀರು ಹೊಯ್ದು ನೋಡಿದರೆ ಎಲ್ಲಿ ಸೋರುವುದೆಂಬುದು ತಾನೇ ಗೊತ್ತಾಗುತ್ತದೆ.

ವರ್ಜಿಸತಕ್ಕವು

ಕೆರೆಯ ಏರಿಯ ಒಳಮೈಗೆ ಹಾಸಿದ ಕಲ್ಲುಗಳನ್ನು ಯಾರೂ ಕಿತ್ತು ತರಕೂಡದು. ಆ ಕಲ್ಲು ಅಲೆಗಳ ಹೊಡೆತದಿಂದ ಏರಿಯನ್ನು ಕಾಯುವಂಥಾದ್ದು. ಒಬ್ಬರ ಹೂವಿನ ಪಾತಿಗಾಗಿ ಊರಿನ ಗದ್ದೆಗಳಿಗೆಲ್ಲ ಅಪಾಯವನ್ನು ತರುವುದು ನ್ಯಾಯವಲ್ಲ. ಈ ವಿಷಯದಲ್ಲಿ ಗ್ರಾಮದ ಯಜಮಾನರು ವಿಶೇಷವಾಗಿ ನಿಗಾ ಇಡಬೇಕು. ಒಡೆದ ಗಾಜು ಬರಿಗಾಲಿನ ಮಕ್ಕಳಿಗೂ ದನಕರುಗಳಿಗೂ ಹಾನಿಕರ. ಕಲ್ನಾರಿನ ಶೀಟಿನ ಚೂರುಗಳನ್ನು ಎಷ್ಟು ಮಾತ್ರಕ್ಕೂ ಉಪಯೋಗಿಸಬಾರದು. ಅದರ ಧೂಳು ಶ್ವಾಸಕೋಶಗಳಿಗೆ ಮಾರಕವಾದುದು. ಲಂಟಾನವನ್ನು ಬೇಲಿಯಂತೆ ನೆಟ್ಟರೆ ಅದು ಹಬ್ಬಿ ಹೊಲವನ್ನೇ ಆಕ್ರಮಿಸುತ್ತದೆ.

ಪ್ರತಿ ಗ್ರಾಮದಲ್ಲಿಯೂ ಹಿರಿಯರು ತಮ್ಮ ಹಿತ್ತಲಿನಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಒಂದು ಪಾತಿಗೆ ಈ ರೀತಿ ಅಂಚು ಕಟ್ಟಿಸಿ, ಪಕ್ಕದಲ್ಲಿ ಅಂಚಿಲ್ಲದ ಮತ್ತೊಂದು ಪಾತಿಯನ್ನು ಬಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಎರಡನ್ನೂ ಹೋಲಿಸಿ ನೋಡಬೇಕೆಂದು ಕೋರಲಾಗಿದೆ. ಉಳಿದ ಮಣ್ಣನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪದೇಶದ ಅಗತ್ಯವಿರುವುದಿಲ್ಲ.